ಮೂರು ಪಂದ್ಯದ ಶಿಕ್ಷೆ

ಕೊಟ್ರಸ್ವಾಮಿ ಮಾಸ್ತರರ ಬಗ್ಗೆ ಮಾತಾಡುವವರಲ್ಲಿ ಈಗ ನಮ್ಮ ಕಡೆ ಎರಡೇ ಪಂಗಡ. ಒಂದು ಪಂಗಡ, ಮುದುಕ ಕಬಡ್ಡಿ ಟೀಮಿನ ಓನರ್ ಹತ್ತಿರ ದುಡ್ಡು ತಿಂದಿದ್ದಾನೆ ಅನ್ನುತ್ತದೆ. ಇನ್ನೊಂದು, ಪಾಪ ವಯಸ್ಸಾಯಿತು, ತಲೆ ನೆಟ್ಟಗಿಲ್ಲ ಅನ್ನುತ್ತದೆ. ಎರಡೂ ಸುಳ್ಳು ಎಂದು ಗೊತ್ತಿರುವವರು ಬೆರಳೆಣಿಕೆಯಷ್ಟು ಜನ. ಅವರಲ್ಲಿ ಬಾಯಿ ಬಿಡುವವನು ನಾನೊಬ್ಬನೇ. ನನ್ನ ಹೆಸರು ಗಂಗಪ್ಪ. ಹಗರಿಬೊಮ್ಮನಹಳ್ಳಿಯಲ್ಲಿ ಮೈಕ್ ಸೆಟ್ ಅಂಗಡಿ ಇಟ್ಟುಕೊಂಡಿದ್ದೇನೆ. ಕಬಡ್ಡಿ ಪಂದ್ಯಕ್ಕೆ ಮೈಕ್ ಕಟ್ಟುವವನೂ ನಾನೇ, ಅದರಲ್ಲಿ ಒದರುವವನೂ ನಾನೇ. ಮೈದಾನದಲ್ಲಿ ನನ್ನ ಮಾತನ್ನು ಊರೇ ಕೇಳುತ್ತದೆ, ಹೊರಗೆ ಬಂದರೆ ನನ್ನ ಹೆಂಡತಿಯೂ ನಂಬುವುದಿಲ್ಲ. ಆದರೂ ಹೇಳುತ್ತೇನೆ.

ಮಾಸ್ತರು ಹೈಸ್ಕೂಲಿನಲ್ಲಿ ನನಗೆ ಪಿ.ಟಿ. ಕಲಿಸಿದವರು. ಕಲಿಸಿದ್ದಕ್ಕಿಂತ ಓಡಿಸಿದ್ದೇ ಹೆಚ್ಚು. ಕೊರಳಲ್ಲಿ ಲಿಂಗದ ದಾರ, ಅದರ ಪಕ್ಕದಲ್ಲೇ ವಿಸಿಲ್ಲಿನ ದಾರ. ಸ್ನಾನಕ್ಕೆ ಹೋದರೂ ವಿಸಿಲ್ ತೆಗೆಯುವುದಿಲ್ಲ ಎಂದು ಅವರ ಮನೆಯವರು ದಾಕ್ಷಾಯಣಮ್ಮ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ನಿವೃತ್ತರಾದ ಮೇಲೂ ಮಾಸ್ತರು ಬಿಳಿ ಪ್ಯಾಂಟ್, ಕ್ಯಾನ್ವಾಸ್ ಬೂಟು ಬಿಡಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಸಾಲು ತಪ್ಪಿ ನುಗ್ಗಿದರೆ ಅವರ ಕೈ ತಾನಾಗಿ ವಿಸಿಲ್ ಕಡೆ ಹೋಗುತ್ತಿತ್ತು.

ಅವರದು ಒಂದು ವಿಚಿತ್ರ ನ್ಯಾಯ. ಶಾಲೆಯಲ್ಲಿ ಹುಡುಗರು ಹೊಡೆದಾಡಿಕೊಂಡರೆ ಬೆಂಚಿನ ಮೇಲೆ ನಿಲ್ಲಿಸುತ್ತಿರಲಿಲ್ಲ, ಬೆತ್ತ ಮುಟ್ಟುತ್ತಿರಲಿಲ್ಲ. ನಾನೊಮ್ಮೆ ಓಬಳೇಶಪ್ಪನೆಂಬ ಗೆಳೆಯನ ಬೆರಳು ಮುರಿದಿದ್ದಕ್ಕೆ, ಅವನ ಬೆರಳು ಕೂಡುವ ತನಕ ಅವನ ನೋಟ್ಸನ್ನೆಲ್ಲ ನನ್ನಿಂದಲೇ ಬರೆಸಿದರು. ಗಣಿತದ್ದು ಕೂಡ. ಹೊಡೆದವನನ್ನು ಹೊರಗೆ ಹಾಕಿದರೆ ಪೆಟ್ಟು ತಿಂದವನಿಗೆ ಏನು ಬಂತು ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆ ಒಂದು ದಿನ ಅವರ ಕುತ್ತಿಗೆಗೇ ಬರುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಐದು ತಾಲ್ಲೂಕಿನ ಕಬಡ್ಡಿ ಲೀಗ್ ಶುರುವಾದದ್ದು ಮೊನ್ನೆ ಮೊನ್ನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗೆ ಒಂದೊಂದು ಟೀಮು, ಟೀಮಿಗೊಬ್ಬ ಓನರ್. ಆಟಗಾರರನ್ನು ಕಲ್ಯಾಣ ಮಂಟಪದಲ್ಲಿ ಕೂಡಿಸಿ ಹರಾಜು ಹಾಕುತ್ತಾರೆ. ಟಿ.ವಿ.ಯಲ್ಲಿ ನೋಡಿದ್ದನ್ನೆಲ್ಲ ಇಲ್ಲೂ ಮಾಡಬೇಕಲ್ಲ! ಮಧ್ಯಂತರದಲ್ಲಿ ಕಡೆ ಬದಲಿಸುವುದೊಂದನ್ನು ಬಿಟ್ಟು ಎಲ್ಲ ತಂದರು. ಮಣ್ಣಿನ ಅಂಕಣ ಹೋಗಿ ರಬ್ಬರಿನ ಮ್ಯಾಟ್ ಬಂತು. ಐದೂ ಊರಿಗೆ ಒಂದೇ ಮ್ಯಾಟು. ಅದನ್ನು ತುಂಡು ತುಂಡು ಬಿಚ್ಚಿ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಊರಿಂದ ಊರಿಗೆ ಒಯ್ಯುತ್ತಾರೆ. ಕೈಗೆ ಸಿಕ್ಕ ತುಂಡನ್ನು ಸಿಕ್ಕಲ್ಲಿ ಕೂಡಿಸುತ್ತಾರೆ, ಆದ್ದರಿಂದ ಒಂದು ಊರಿನಲ್ಲಿ ಮೂಲೆಗಿದ್ದ ತುಂಡು ಇನ್ನೊಂದು ಊರಿನಲ್ಲಿ ನಡುವಿಗೆ ಬರುತ್ತದೆ. ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಎಂದು ಮುಂದೆ ತಿಳಿಯುತ್ತದೆ. ಮಾಸ್ತರನ್ನು ಮುಖ್ಯ ಅಂಪೈರ್ ಮಾಡಿದರು. ಬೇರೆ ಯಾರನ್ನು ಮಾಡಿದ್ದರೂ ಜಗಳವಾಗುತ್ತಿತ್ತು.

ಆಡುವವರಲ್ಲಿ ಅರ್ಧ ಜನ ಮಾರುಕಟ್ಟೆಯ ಹಮಾಲರು. ಶೇಂಗಾ, ಮೆಕ್ಕೆಜೋಳದ ಚೀಲ ಹೊರುವವರು. ಅವರಲ್ಲಿ ಒಂದು ರೂಢಿ ಇದೆ. ಬೆನ್ನ ಮೇಲಿನ ಚೀಲ ಯಾರಿಂದ ಜಾರಿ ಬಿತ್ತೋ ಅವನೇ ಅದನ್ನು ಎತ್ತಬೇಕು, ಇನ್ನೊಬ್ಬ ಮುಟ್ಟುವುದಿಲ್ಲ. ದಾರಿಗೆ ಅಡ್ಡ ಬಿದ್ದಿದ್ದರೂ ಸುತ್ತು ಹಾಕಿಕೊಂಡು ಹೋಗುತ್ತಾರೆ, ದಾಟುವುದೂ ಇಲ್ಲ, ತುಳಿಯುವುದೂ ಇಲ್ಲ. ಅದೇ ರೂಢಿ ಆಟಕ್ಕೂ ಬಂದಿತ್ತು. ಯಾರು ಯಾರನ್ನು ಕೆಡವಿದರೋ ಅವರೇ ಕೈ ಹಿಡಿದು ಎಬ್ಬಿಸಬೇಕು. ಎಷ್ಟೇ ಸಿಟ್ಟಿನ ಪಂದ್ಯವಾದರೂ ಇದನ್ನು ತಪ್ಪಿಸಿದವರನ್ನು ನಾನು ನೋಡಿರಲಿಲ್ಲ, ಆ ಹರಪನಹಳ್ಳಿ ಪಂದ್ಯದ ತನಕ.

ಅವತ್ತು ಕೊಟ್ಟೂರು ಟೀಮಿನ ಎಡಮೂಲೆಯಲ್ಲಿ ಗಾದೆಪ್ಪನಿದ್ದ. ಹಮಾಲ. ಅವನ ಕೈಗೆ ಕಾಲು ಸಿಕ್ಕರೆ ಮುಗಿಯಿತು ಎಂದು ನಾನೇ ಮೈಕಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಎದುರಿನ ಹರಪನಹಳ್ಳಿ ಟೀಮಿನಿಂದ ದಾಳಿಗೆ ಬಂದವನು ಹುಲುಗೇಶ. ಉಜ್ಜಿನಿ ಹತ್ತಿರದ ಹಳ್ಳಿಯವನು, ಗೂಡ್ಸ್ ಆಟೋ ಓಡಿಸುತ್ತಿದ್ದ. ತೆಳ್ಳಗೆ, ಉದ್ದಕ್ಕೆ, ಕುಣಿಯುತ್ತಲೇ ಓಡುವ ಕಾಲು. ಗಾದೆಪ್ಪ ಅವನ ಕಣಕಾಲು ಹಿಡಿದ. ಹುಲುಗೇಶನ ದಮ್ಮು ಮುಗಿಯಿತು, ಮಾಸ್ತರು ವಿಸಿಲ್ ಊದಿದರು, ಔಟಾದ. ಅಲ್ಲಿಗೆ ಬಿಡಬೇಕಿತ್ತು. ಗಾದೆಪ್ಪ ಬಿಡಲಿಲ್ಲ. ವಿಸಿಲ್ ಆದ ಮೇಲೆ ಕಾಲು ಎತ್ತಿ, ತಿರುವಿ, ಚೀಲ ಒಗೆದ ಹಾಗೆ ಒಗೆದ. ಹುಲುಗೇಶ ಬೆನ್ನ ಮೇಲೆ ಬಿದ್ದ, ಬಿದ್ದವನು ಅಲುಗಲಿಲ್ಲ. ಜನ ಕೂಗಿ ಎದ್ದು ನಿಂತರು. ಗಾದೆಪ್ಪ ಕೈ ಕೊಟ್ಟು ಎಬ್ಬಿಸುವುದು ಬಿಟ್ಟು ತೊಡೆ ತಟ್ಟುತ್ತ ಗೆರೆಯ ಉದ್ದಕ್ಕೂ ಓಡಿದ. ಅವನ ಓನರ್ ಅರುಣಕುಮಾರ್ ಬಂದು ಅಪ್ಪಿಕೊಂಡರು.

ಹುಲುಗೇಶನನ್ನು ಆಚೆ ಒಯ್ದವರು ಬೇರೆ ಯಾರೋ, ಸ್ವಾಗತದ ಫ್ಲೆಕ್ಸ್ ಬಿಚ್ಚಿ ಅದರಲ್ಲೇ ಹಾಕಿಕೊಂಡು. ದಾವಣಗೆರೆಯ ದೊಡ್ಡಾಸ್ಪತ್ರೆಯಲ್ಲಿ ಬೆನ್ನುಹುರಿಗೆ ಪೆಟ್ಟಾಗಿದೆ ಅಂದರು. ಸೊಂಟದಿಂದ ಕೆಳಗೆ ಸ್ಪರ್ಶವಿಲ್ಲ. ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲ. ಇಪ್ಪತ್ತಾರು ವಯಸ್ಸು, ಮದುವೆಯಾಗಿ ಎರಡು ವರ್ಷ.

ಕಮಿಟಿ ಸೇರಿತು. ಲೀಗಿನ ನಿಯಮದಲ್ಲಿ ಅಪಾಯದ ಆಟಕ್ಕೆ ಹೆಚ್ಚೆಂದರೆ ಮೂರು ಪಂದ್ಯದ ಅಮಾನತು ಎಂದಿತ್ತು. ಆಟ ಎಂದ ಮೇಲೆ ಪೆಟ್ಟು ಬೀಳುತ್ತದೆ, ಯಾರೂ ಬೇಕೆಂದು ಮಾಡುವುದಿಲ್ಲ, ಮೂರು ಪಂದ್ಯವೇ ಜಾಸ್ತಿ ಎಂದು ಅರುಣಕುಮಾರ್ ವಾದಿಸಿದರು. ಮೆಕ್ಕೆಜೋಳದ ವ್ಯಾಪಾರಿ, ತೂಗಿ ಮಾತಾಡುವ ಮನುಷ್ಯ. ಮಾಸ್ತರು ವಿಸಿಲ್ ಆದ ಮೇಲೆ ತಿರುವಿದ್ದಾನೆ ಎಂದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದರು. ನಿಯಮ ನಿಯಮವೇ ಎಂದು ಉಳಿದವರೆಲ್ಲ ಟೀ ಕುಡಿದರು. ಕೊನೆಗೆ ಮಾಸ್ತರೂ ಸಹಿ ಹಾಕಿದರು. ಸಹಿ ಹಾಕಿ ಹೊರಗೆ ಬಂದವರು ನನ್ನ ಬೈಕಿನ ಹಿಂದೆ ಕೂತರು. ಮನೆಯ ಮುಂದೆ ಇಳಿದು, “ಮೂರು ಪಂದ್ಯ, ಗಂಗಪ್ಪ. ಅಂವ ಇನ್ನ ನಲವತ್ತು ವರ್ಷ ಮಲಗ್ಬೇಕು, ಇವಗ ಮೂರು ಪಂದ್ಯ,” ಅಂದರು.

ಗಾದೆಪ್ಪ ಕಾಲು ತಿರುವಿದ ವಿಡಿಯೋ ಎಲ್ಲರ ಮೊಬೈಲಿನಲ್ಲೂ ಓಡುತ್ತಿತ್ತು, ಅದಕ್ಕೆ ಹಿನ್ನೆಲೆ ಸಂಗೀತ ಬೇರೆ. ಜನ ಅವನ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಮೂರು ಪಂದ್ಯ ಹೊರಗೆ ಕೂಡುವುದು ಶಿಕ್ಷೆಯಲ್ಲ, ಅದು ರಜೆ.

ಆ ಮೂರು ಪಂದ್ಯಗಳಲ್ಲೇ ಅದು ಶುರುವಾದದ್ದು. ಮೊದಲು ನೋಡಿದ್ದು ಹಡಗಲಿಯಲ್ಲಿ. ನಾನು ಟೇಬಲ್ಲಿನ ಮುಂದೆ ಮೈಕ್ ಹಿಡಿದು ಕೂತಿದ್ದೆ. ಟೇಬಲ್ ಕಡೆಯ ಅಂಕಣದಲ್ಲಿ, ಎಡಮೂಲೆಯ ಹತ್ತಿರ, ಆಟಗಾರರು ಒಂದು ಜಾಗಕ್ಕೆ ಬಂದಾಗ ಸುತ್ತು ಹಾಕುತ್ತಿದ್ದರು. ದಾಳಿಗೆ ಬಂದವನು ನೇರ ಓಡಿ ಬಂದು ಅಲ್ಲಿ ಪಕ್ಕಕ್ಕೆ ಸರಿಯುತ್ತಿದ್ದ. ಹಿಡಿಯುವವರು ಕೈ ಕೈ ಹಿಡಿದು ಬರುವಾಗ ಅಲ್ಲಿಗೆ ಬಂದು ಕೈ ಬಿಡುತ್ತಿದ್ದರು. ಬರೀ ಮ್ಯಾಟು, ಮೇಲೆ ಏನೂ ಇಲ್ಲ. ಯಾವುದೋ ತುಂಡು ಎದ್ದಿರಬೇಕು ಎಂದು ಮಧ್ಯಂತರದಲ್ಲಿ ಹೋಗಿ ಅಂಗೈಯಿಂದ ಒತ್ತಿ ನೋಡಿದೆ. ಸಮವಾಗಿತ್ತು. ಸ್ವಲ್ಪ ಬೆಚ್ಚಗಿತ್ತು, ಬಿಸಿಲಿಗೆ ಕಾದಿದೆ ಅಂದುಕೊಂಡೆ. ಪಕ್ಕದ ತುಂಡು ಮುಟ್ಟಿದೆ, ಅದು ತಣ್ಣಗಿತ್ತು.

ಮುಂದಿನ ಪಂದ್ಯ ಕೂಡ್ಲಿಗಿಯಲ್ಲಿ. ಮ್ಯಾಟಿನ ತುಂಡುಗಳು ಅದಲು ಬದಲಾಗಿ ಕೂಡಿದ್ದವು, ಅದನ್ನು ನಾನೇ ನಿಂತು ನೋಡಿದ್ದೆ. ಆದರೂ ಅದೇ ಜಾಗ. ಅದೇ ಎಡಮೂಲೆಯ ಹತ್ತಿರ, ಹರಪನಹಳ್ಳಿಯಲ್ಲಿ ಹುಲುಗೇಶ ಬಿದ್ದ ಕಡೆಯೇ, ಒಬ್ಬ ಮನುಷ್ಯ ಉದ್ದಕ್ಕೆ ಮಲಗಿದರೆ ಹಿಡಿಯುವಷ್ಟು ಜಾಗ. ಹದಿನಾಲ್ಕು ಜನರೂ ಅದನ್ನು ಬಿಟ್ಟು ಆಡಿದರು. ಮೈಕಿನಲ್ಲಿ ಏನು ಒದರಿದೆನೋ ನೆನಪಿಲ್ಲ.

ಮಾಸ್ತರು ನೋಡಿದ್ದರು. ಅವರು ಹಿಡಿದು ಕೇಳಿದ್ದು ಅಂಜಿನಿಯನ್ನು. ಅಂಜಿನಿ ಗಾದೆಪ್ಪನ ಟೀಮಿನವನೇ, ಅವನ ಜೊತೆ ಒಂದೇ ಮಂಡಿಯಲ್ಲಿ ಚೀಲ ಹೊರುವವನು. ಅಲ್ಲಿ ಏನು ಕಾಣುತ್ತದೆ ಎಂದು ಮಾಸ್ತರು ಕೇಳಿದರು.

“ಕಾಣಂಗಿಲ್ರಿ ಸರ. ಕಾಲು ಬರಂಗಿಲ್ಲ,” ಅಂದ ಅಂಜಿನಿ. ಆಮೇಲೆ, “ಹುಲುಗೇಶನ್ನ ಯಾರೂ ಎತ್ತಿಲ್ಲಲ್ರಿ,” ಅಂದ.

ಎತ್ತಿಕೊಂಡು ಹೋಗಿ ಆಸ್ಪತ್ರೆ ಸೇರಿಸಿದ್ದೇವಲ್ಲೋ ಎಂದು ನಾನು ರೇಗಿದೆ. ಅಂಜಿನಿ ನನ್ನ ಮುಖವನ್ನೇ ನೋಡಿದ. ಹೊತ್ತುಕೊಂಡು ಹೋದವರು ಕೆಡವಿದವರಲ್ಲವಲ್ಲ ಎಂದು ಅವನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಗಾದೆಪ್ಪನ ಮೂರು ಪಂದ್ಯ ಮುಗಿಯಿತು. ಕೊಟ್ಟೂರಿನ ಪಂದ್ಯಕ್ಕೆ ಅವನು ಅಂಕಣಕ್ಕಿಳಿದಾಗ ಪಟಾಕಿ ಹೊಡೆದರು. ಅವನು ನೆಟ್ಟಗೆ ನಡೆದು ತನ್ನ ಎಡಮೂಲೆಗೆ ಹೋದ. ಹೋಗುವಾಗ ಆ ಜಾಗದ ಮೇಲೆ ಕಾಲಿಟ್ಟ. ಅವನಿಗೆ ಏನೂ ತಿಳಿಯಲಿಲ್ಲ. ಆದರೆ ಎರಡೂ ಕಡೆಯ ಆಟಗಾರರು ಒಟ್ಟಿಗೆ ಕಣ್ಣು ಮುಚ್ಚಿದರು, ಎಳೆ ಮಗುವಿನ ಕೈ ಮೇಲೆ ಯಾರೋ ಮಣೆ ಹಾಕಿದ್ದನ್ನು ನೋಡಿದವರ ಹಾಗೆ. ಪಂದ್ಯದ ಉದ್ದಕ್ಕೂ ಅವನು ಹಿಂದೆ ಮುಂದೆ ಓಡಾಡಿದ, ಒಮ್ಮೆ ಹಿಮ್ಮಡಿ ಊರಿ ಅಲ್ಲೇ ತಿರುಗಿದ. ಅಂಜಿನಿ ಗೆರೆಯಾಚೆ ಹೋಗಿ ವಾಂತಿ ಮಾಡಿದ. ಜನಕ್ಕೆ ಇದೊಂದೂ ತಿಳಿಯಲಿಲ್ಲ, ಅವರು ಸೀಟಿ ಹೊಡೆಯುತ್ತಿದ್ದರು.

ಮರುದಿನ ಐದೂ ಟೀಮಿನ ಆಟಗಾರರು ಬಂದು, ಗಾದೆಪ್ಪ ಇಳಿದರೆ ನಾವು ಇಳಿಯುವುದಿಲ್ಲ ಅಂದರು. ಯಾಕೆ ಎಂದು ಕೇಳಿದರೆ ಬಾಯಿ ಬಿಡಲೊಲ್ಲರು. ಆಟಗಾರರಿಲ್ಲದೆ ಲೀಗ್ ಎಲ್ಲಿಯದು? ಅರುಣಕುಮಾರ್ ಕೂಡ ಮೆತ್ತಗಾದರು. ಮಾಸ್ತರು ಅವಕಾಶ ಬಿಡಲಿಲ್ಲ. ಗಾದೆಪ್ಪ ಬದುಕಿರುವ ತನಕ ಕಬಡ್ಡಿ ಆಡುವಂತಿಲ್ಲ ಎಂದು ಎಲ್ಲರನ್ನೂ ಒಪ್ಪಿಸಿದರು. ಮುಂದಿನ ಪಂದ್ಯಕ್ಕೆ ಮೊದಲು ಅದನ್ನು ಮೈಕಿನಲ್ಲಿ ಸಾರುವುದು ಎಂದು ತೀರ್ಮಾನವಾಯಿತು. ಅವತ್ತು ಮಾಸ್ತರ ಮುಖ ನೋಡಬೇಕಿತ್ತು. ಎಷ್ಟೋ ದಿನದ ಮೇಲೆ ದಾಕ್ಷಾಯಣಮ್ಮನ ಕೈಯ ಎರಡು ರೊಟ್ಟಿ ಜಾಸ್ತಿ ತಿಂದರಂತೆ. ಈ ಸುದ್ದಿಯನ್ನು ಹುಲುಗೇಶನಿಗೆ ತಾವೇ ಹೇಳಬೇಕೆಂದು ಭಾನುವಾರ ಬೆಳಿಗ್ಗೆ ನನ್ನನ್ನು ಹೊರಡಿಸಿದರು.

ಉಜ್ಜಿನಿ ದಾಟಿ ಮೂರು ಕಿಲೋಮೀಟರು. ತಗಡಿನ ಚಪ್ಪರದ ಮನೆ, ಮುಂದೆ ಗೂಡ್ಸ್ ಆಟೋ ನಿಂತಿತ್ತು, ಅದರ ಚಕ್ರಗಳ ಸುತ್ತ ಹುಲ್ಲು ಬೆಳೆದಿತ್ತು. ಹುಲುಗೇಶನ ಹೆಂಡತಿ ಯಶೋಧಾ ನೀರು ಕೊಟ್ಟಳು. ಅವನು ಒಳಗೆ ಮಂಚದ ಮೇಲಿದ್ದ. ಸೊಂಟದ ಮೇಲ್ಭಾಗ ಇನ್ನೂ ಆಟಗಾರನದೇ. ಹೊದ್ದ ಕೌದಿಯ ಕೆಳಗೆ ಮಾತ್ರ ಯಾರೂ ಇಲ್ಲವೇನೋ ಅನ್ನುವಂತೆ ತೆಳ್ಳಗಿತ್ತು.

ಮಾಸ್ತರು ಬಾಯಿ ತೆರೆಯುವ ಮೊದಲೇ ಅವನು ಕೇಳಿದ, ಮೊನ್ನೆ ಸಂಜೆ ಪಂದ್ಯವಿತ್ತಲ್ಲವೇ ಎಂದು. ಯಾರು ಹೇಳಿದರು ಅಂದೆ. ಯಾರೂ ಹೇಳಿಲ್ಲ, ಈ ಮನೆಯಲ್ಲಿ ಕಬಡ್ಡಿಯ ಹೆಸರೆತ್ತಲು ನಾನು ಬಿಡುವುದಿಲ್ಲ ಎಂದಳು ಯಶೋಧಾ. ಅವಳ ದನಿಯಲ್ಲಿ ಹೆದರಿಕೆ ಇತ್ತು.

“ಮೊನ್ನಿ ನನ್ನ ತೊಡಿ ಮ್ಯಾಲೆ ಯಾರೋ ಕಾಲಿಟ್ರು ಸರ,” ಅಂದ ಹುಲುಗೇಶ. “ಬಲಗಾಲ ಮ್ಯಾಲೆ ಒಮ್ಮಿ ನಿಂತು ತಿರುಗಿದ್ರು. ಹಿಮ್ಮಡಿ. ಭಾಳ ನೋವಾತು.”

ಹೇಳುತ್ತ ಅವನು ನಗುತ್ತಿದ್ದ. ಹಿಮ್ಮಡಿಯ ವಿಷಯ ಆಟಗಾರರೂ ನಾವಿಬ್ಬರೂ ಕಣ್ಣಾರೆ ನೋಡಿದ್ದು, ಹೊರಗೆ ಯಾರೂ ಬಾಯಿ ಬಿಟ್ಟಿರಲಿಲ್ಲ. ಮಾಸ್ತರು ಮಂಚದ ಕಟ್ಟು ಹಿಡಿದುಕೊಂಡರು. ಆಮೇಲೆ, ಬಂದ ಕೆಲಸ ಮುಗಿಸುವವರಂತೆ, ಗಾದೆಪ್ಪನನ್ನು ಆಜೀವ ಹೊರಗೆ ಹಾಕಿದ ಸುದ್ದಿ ಹೇಳಿದರು. ಇನ್ನು ಮೇಲೆ ಅವನು ಮ್ಯಾಟ್ ಮುಟ್ಟುವುದಿಲ್ಲ ಅಂದರು.

ಹುಲುಗೇಶನ ನಗು ನಿಂತಿತು. “ಯಾರನ್ನ ಕೇಳಿ ಮಾಡಿದ್ರಿ?” ಅಂದ.

ಮಾಸ್ತರ ಕೈ ವಿಸಿಲ್ ಕಡೆ ಹೋಯಿತು. ಅವನೇ ಮುಂದುವರಿಸಿದ.

“ಆಸ್ಪತ್ರಿಯಾಗ ಸೂಜಿ ಚುಚ್ಚಿದ್ರು, ಕಾಸಿ ಕಾವು ಕೊಟ್ರು. ನನಗ ಕಾಲು ಅದಾವು ಅಂತ ಗೊತ್ತಾಗಿದ್ದು ಮೊನ್ನಿ ಒಂದಿನ ಸರ. ಅಂವ ತುಳಿದಾಗ.”

ಯಶೋಧಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದಳು. ಮಾಸ್ತರು ಅಲ್ಲೇ ಕೂತರು. ನಾವು ವಾಪಸು ಹೊರಟಾಗ ಅವರ ವಯಸ್ಸು ಇನ್ನೂ ಹತ್ತು ವರ್ಷ ಏರಿದಂತಿತ್ತು.

ಮಾಸ್ತರು ಪರೀಕ್ಷಿಸದೆ ಏನನ್ನೂ ನಂಬುವವರಲ್ಲ. ಎರಡು ದಿನ ಬಿಟ್ಟು ಕೂಡ್ಲಿಗಿಯ ಮೈದಾನದಲ್ಲಿ ಬೇರೆ ಟೀಮುಗಳ ಪಂದ್ಯಕ್ಕೆಂದು ಮ್ಯಾಟ್ ಹಾಸಿತ್ತು. ಬೆಳಿಗ್ಗೆ ಯಾರೂ ಇಲ್ಲದಾಗ ಗಾದೆಪ್ಪನನ್ನು ಕರೆಸಿಕೊಂಡರು, ನನ್ನನ್ನು ಹುಲುಗೇಶನ ಮಂಚದ ಪಕ್ಕಕ್ಕೆ ಕಳಿಸಿದರು. ಅವನನ್ನು ಆ ಜಾಗದ ಮೇಲೆ ಯಾವಾಗ ನಡೆಸುತ್ತೇನೆ ಎಂದು ನನಗೂ ಹೇಳಲಿಲ್ಲ. ನಾನು ಹುಲುಗೇಶನ ಜೊತೆ ಅದೂ ಇದೂ ಮಾತಾಡುತ್ತ ಕೂತೆ. ಅವನು ತನ್ನ ಆಟೋದ ಕ್ಲಚ್ ವಿಷಯ ಹೇಳುತ್ತಿದ್ದ. ಮಾತಿನ ನಡುವೆ ಹಲ್ಲು ಕಚ್ಚಿದ. ನಾನು ಕೌದಿಯ ಕಡೆ ನೋಡಿದೆ. ಮೊಣಕಾಲಿನ ಮೇಲೆ ಕೌದಿ ಮೆಲ್ಲಗೆ ಕುಸಿಯಿತು. ಅಗಲವಾದ ಪಾದವೊಂದು ಊರಿದ ಹಾಗೆ, ಬೆರಳಿನ ಕಡೆ ಅಗಲ, ಹಿಮ್ಮಡಿಯ ಕಡೆ ಆಳ. ಆಮೇಲೆ ಅದು ಎದ್ದು, ಒಂದು ಹೆಜ್ಜೆ ಆಚೆ ಇನ್ನೊಂದು ಕುಳಿ ಬಿತ್ತು. ಮನೆಯೊಳಗೆ ಬಿಸಿಲು ಬಂದಿತ್ತು, ಹೊರಗೆ ಯಶೋಧಾ ಪಾತ್ರೆ ತಿಕ್ಕುವ ಸದ್ದು ಕೇಳುತ್ತಿತ್ತು. ನಾನು ಎದ್ದು ಗೋಡೆಗೆ ಒರಗಿದೆ. ಹೆದರಿದೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ಹುಲುಗೇಶ ಕಣ್ಣೀರು ಸುರಿಸುತ್ತ, “ಎಡಗಾಲು... ಈಗ ಬಲಗಾಲು,” ಎಂದು ಎಣಿಸುತ್ತಿದ್ದ. ಅವನ ಮುಖದಲ್ಲಿ ಆಗ ಇದ್ದ ಸುಖವನ್ನು ನಾನು ಬೇರೆ ಯಾರ ಮುಖದಲ್ಲೂ ಕಂಡಿಲ್ಲ.

ಕೂಡ್ಲಿಗಿಗೆ ಓಡಿ ಬಂದೆ. ಗಾದೆಪ್ಪ ಮ್ಯಾಟಿನ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ. ನಾನು ನೋಡಿದ್ದನ್ನೆಲ್ಲ ಹೇಳಿದೆ, ಅವನ ಎದುರಿಗೇ. ಅವನು ಮೊದಲು ನಕ್ಕ. ಆಮೇಲೆ ತನ್ನ ಅಂಗಾಲನ್ನು ತಿರುಗಿಸಿ ನೋಡಿಕೊಂಡ. ಆಮೇಲೆ ಅಳಲು ಶುರು ಮಾಡಿದ. ಅಷ್ಟು ದೊಡ್ಡ ದೇಹ ಅಷ್ಟು ಕೆಟ್ಟದಾಗಿ ಅತ್ತದ್ದನ್ನು ನಾನು ನೋಡಿರಲಿಲ್ಲ. ಅವತ್ತು ಯಾಕೆ ತಿರುವಿದೆ ಎಂದು ಮಾಸ್ತರು ಕೇಳಿದರು. ಗೊತ್ತಿಲ್ಲ, ಜನ ಕೂಗುತ್ತಿದ್ದರು, ಕೈ ಬಿಡಲು ಮನಸ್ಸಾಗಲಿಲ್ಲ ಅಂದ. ನಿಜವನ್ನೇ ಹೇಳಿದ ಅನಿಸಿತು. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

“ಎತ್ತಿಬಿಡ್ತೀನಿ ಸರ,” ಅಂದ ಗಾದೆಪ್ಪ. “ಈಗ ಎತ್ತಿಬಿಡ್ತೀನಿ. ಆಮ್ಯಾಗ ನನ್ನ ಹೊರಗ ಹಾಕ್ರಿ. ಸಾಯೋತನ ಮ್ಯಾಟ್ ಮುಟ್ಟಂಗಿಲ್ಲ.”

ಅವನು ಎದ್ದು ಹೋಗಿ ಆ ಜಾಗದಲ್ಲಿ ಬಗ್ಗಿದ. ಎರಡೂ ಕೈ ಚಾಚಿದ. ಚಾಚಿದ ಕೈ ಏನನ್ನೋ ತಡಕಿದಂತೆ ನಿಂತಿತು, ತೋಳಿನ ನರಗಳು ಉಬ್ಬಿದವು. ಖಾಲಿ ಮ್ಯಾಟಿನ ಮೇಲೆ ಬಗ್ಗಿದ ಮನುಷ್ಯನ ತೋಳಿನಲ್ಲಿ ಭಾರ ಕಂಡಿತು. ಅಷ್ಟರಲ್ಲಿ ನನ್ನ ಮೊಬೈಲ್ ಬಡಿಯಿತು. ಯಶೋಧಾ. ಬೇಡ ಎಂದು ಇವರು ಕೂಗುತ್ತಿದ್ದಾರೆ, ಯಾಕೋ ತಿಳಿಯದು ಎಂದು ಹೇಳಿ ಫೋನನ್ನು ಹುಲುಗೇಶನ ಕೈಗೆ ಕೊಟ್ಟಳು. ನಾನು ಸ್ಪೀಕರ್ ಹಾಕಿದೆ.

“ಎತ್ತಬ್ಯಾಡ ಅನ್ರಿ ಅವಗ. ಎತ್ತಿದ್ರ ನನಗೇನು ಉಳೀತೈತಿ? ಬಿಟ್ಟುಬಿಡು ಅನ್ರಿ. ನಾನಲ್ಲೇ ಇರ್ತೀನಿ.”

ಗಾದೆಪ್ಪನ ಕೈ ಸಡಿಲವಾಯಿತು. ಏನೋ ಮೆತ್ತಗೆ ಮ್ಯಾಟಿಗೆ ತಗುಲಿದ ಸದ್ದಾಯಿತು.

ಮಾಸ್ತರು ಆ ಮೈದಾನದಲ್ಲಿ ಎಷ್ಟು ಹೊತ್ತು ಕೂತರೋ. ಗಾದೆಪ್ಪನನ್ನು ಹೊರಗೆ ಹಾಕಿದರೆ ಊರಿಗೆ ನ್ಯಾಯ ಸಿಗುತ್ತದೆ, ಅವರಿಗೆ ಹೆಸರು ಉಳಿಯುತ್ತದೆ, ಗಾದೆಪ್ಪನಿಗೆ ಕೂಡ ಬಿಡುಗಡೆ. ಹುಲುಗೇಶನೊಬ್ಬನಿಗೆ ಮಾತ್ರ ಏನೂ ಇಲ್ಲ. ಒಳಗೆ ಬಿಟ್ಟರೆ ಕೊಟ್ರಸ್ವಾಮಿ ಮಾರಿಕೊಂಡ ಎಂದು ಐದು ತಾಲ್ಲೂಕೂ ಉಗಿಯುತ್ತದೆ. ಅವರು ಇದನ್ನೆಲ್ಲ ನನಗೆ ಹೇಳಲಿಲ್ಲ, ಆದರೆ ವಿಸಿಲ್ಲನ್ನು ಬೆರಳಲ್ಲಿ ತಿರುಗಿಸುತ್ತ ಕೂತ ರೀತಿಯಲ್ಲೇ ನನಗೆ ತಿಳಿಯಿತು. ಕೊನೆಗೆ ಎದ್ದು ಗಾದೆಪ್ಪನ ಹತ್ತಿರ ಹೋದರು.

“ನೀ ಆಡಬೇಕಪ್ಪ. ಒಂದು ಪಂದ್ಯನೂ ತಪ್ಪಿಸಂಗಿಲ್ಲ.”

“ಸರ, ನನಗ ಈಗ ಗೊತ್ತೈತಿ. ಗೊತ್ತಿದ್ದು ಹೆಂಗ ತುಳೀಲಿ?”

“ಗೊತ್ತಿದ್ದೇ ತುಳೀಬೇಕು,” ಅಂದರು ಮಾಸ್ತರು.

“ಎಲ್ಲೀತನ ಸರ?”

ಹಿಂದೆ ಶಾಲೆಯಲ್ಲಾಗಿದ್ದರೆ ಮಾಸ್ತರು ಒಂದು ಗಡುವು ಹೇಳುತ್ತಿದ್ದರು.

ಐದೂ ಟೀಮಿನ ನಾಯಕರನ್ನು ಕರೆದು ಇದು ಹುಲುಗೇಶನೇ ಕೇಳಿದ್ದು ಎಂದಷ್ಟೇ ಹೇಳಿದರು. ಅವರು ತಲೆ ತಗ್ಗಿಸಿ ಒಪ್ಪಿದರು. ಬೇರೆಯವರಿಗೆ ಏನೆಂದು ಹೇಳುವುದು? ಕಮಿಟಿಯ ಮುಂದೆ ಮಾಸ್ತರು ಕಾರಣ ಹೇಳದೆ ತಮ್ಮ ತೀರ್ಮಾನವನ್ನು ವಾಪಸು ತೆಗೆದುಕೊಂಡರು. ಅರುಣಕುಮಾರ್ ಖುಷಿಯಿಂದ ಶಾಲು ಹೊದಿಸಲು ಬಂದರು, ಮಾಸ್ತರು ಶಾಲನ್ನು ಅಲ್ಲೇ ಕುರ್ಚಿಯ ಮೇಲೆ ಬಿಟ್ಟು ಬಂದರು. ಆದರೆ ಶಾಲಿನ ಫೋಟೋ ಆಗಲೇ ಮೊಬೈಲುಗಳಲ್ಲಿ ಹೊರಟಿತ್ತು. ಮರುದಿನ ಅವರ ಮನೆಯ ಗೋಡೆಗೆ ಯಾರೋ ಸೆಗಣಿ ಎರಚಿದ್ದರು. ಮೂವತ್ತು ವರ್ಷ ತಲೆಯೆತ್ತಿ ನಡೆದ ಬೀದಿಯಲ್ಲಿ ಜನ ಅವರನ್ನು ನೋಡಿ ಕೆಮ್ಮುತ್ತಿದ್ದರು. ದಾಕ್ಷಾಯಣಮ್ಮ ಗೋಡೆ ತೊಳೆದರು, ಗಂಡನನ್ನು ಏನೂ ಕೇಳಲಿಲ್ಲ. ಆ ತಾಯಿ ಕೇಳಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಗಾದೆಪ್ಪನ ಮುಂದಿನ ಪಂದ್ಯ ನಮ್ಮ ಹಗರಿಬೊಮ್ಮನಹಳ್ಳಿಯಲ್ಲಿ. ಮಾಸ್ತರು ಅಂಕಣಕ್ಕೆ ಬಂದಾಗ ಒಂದು ಕಡೆಯಿಂದ ಧಿಕ್ಕಾರ ಕೂಗಿದರು, ಒಂದು ಚಪ್ಪಲಿಯೂ ಬಂದು ಬಿತ್ತು. ಅವರು ಅದನ್ನು ಎತ್ತಿ ಗೆರೆಯ ಹೊರಗಿಟ್ಟರು. ಗಾದೆಪ್ಪ ಬೂಟು ಬಿಚ್ಚಿ ಬರಿಗಾಲಿನಲ್ಲಿ ಬಂದ. ಈ ಸಲ ಅವನಿಗೆ ಯಾರೂ ಪಟಾಕಿ ಹೊಡೆಯಲಿಲ್ಲ. ತನ್ನ ಮೂಲೆಗೆ ಹೋಗುವ ದಾರಿಯಲ್ಲಿ ಆ ಜಾಗಕ್ಕೆ ಬಂದು ನಿಂತ. ಉಳಿದ ಆರು ಜನ ಅವನ ಬೆನ್ನ ಹಿಂದೆ ಸಾಲಾಗಿ ನಿಂತರು. ಅವನು ಮಲಗಿರುವ ಮಗುವನ್ನು ದಾಟುವವನಂತೆ, ಬೆರಳ ತುದಿಯನ್ನಷ್ಟೇ ಊರಿ, ಉಸಿರು ಬಿಗಿಹಿಡಿದು, ಅದರ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಹೋದ. ಮೊದಲರ್ಧ ಪೂರ್ತಿ ಹಾಗೇ ಆಡಿದ. ಬೆವರಿನಲ್ಲಿ ತೊಯ್ದು ಹೋಗಿದ್ದ. ಜನ ಅವನನ್ನು ಕುಂಟ ಎಂದು ಹಂಗಿಸಿದರು.

ಮಧ್ಯಂತರದಲ್ಲಿ ಮಾಸ್ತರಿಗೆ ಹುಲುಗೇಶನ ಫೋನು ಬಂತು. ನಾನು ಪಕ್ಕದಲ್ಲೇ ಇದ್ದೆ. ಅವರು ಕಿವಿಗಿಟ್ಟುಕೊಂಡು ಕೇಳಿದರು. ಹೂಂ ಅಂದರು, ಮತ್ತೊಮ್ಮೆ ಹೂಂ ಅಂದರು. ಫೋನು ಜೇಬಿಗೆ ಹಾಕಿ ಗಾದೆಪ್ಪನ ಹತ್ತಿರ ಹೋಗಿ ಅವನ ಭುಜದ ಮೇಲೆ ಕೈಯಿಟ್ಟರು.

“ಮೆತ್ತಗ ತುಳಿದ್ರ ಗೊತ್ತಾಗವಲ್ದಂತ,” ಅಂದರು. “ಇನ್ನೂ ಜೋರಾಗಿ ತುಳಿ ಅಂದ.”

ಗಾದೆಪ್ಪ ಅವರ ಮುಖ ನೋಡಿದ. ಆಮೇಲೆ ಬಾಗಿ ಬೂಟು ಹಾಕಿಕೊಂಡು ಲೇಸು ಬಿಗಿದ. ಮಾಸ್ತರು ದ್ವಿತೀಯಾರ್ಧಕ್ಕೆ ವಿಸಿಲ್ ಊದಿದರು.